ಹೊಗೆಗೆ ಲಾರಿಯ ವಯಸ್ಸು ಕಾರಣವಲ್ಲ

ಟೇಕಲ್ ಸುತ್ತಿನ ಬಂಡೆಗಳಿಂದ ಕಲ್ಲು, ಜಲ್ಲಿ ಹೊತ್ತು ಹೊರಡುವ ಹಳೆಯ ಲಾರಿಗಳ ಕರಿಹೊಗೆಯ ಬಗ್ಗೆ ಎರಡು ಮಾತುಗಳು ರೂಢಿಯಲ್ಲಿವೆ. ‘ಗಾಡಿ ಹಳೆಯದು, ಹೊಗೆ ಬಾರದೆ ಇದ್ದೀತೆ?’ ಎಂಬುದು ಮಾಲೀಕರ ಮಾತು. ‘ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಬಿಡಿ’ ಎಂಬುದು ಪರಿಸರದ ಕಾಳಜಿಯುಳ್ಳ ನಮ್ಮವರದೇ ಮಾತು. ಪರಸ್ಪರ ವಿರೋಧವಾಗಿ ಕಾಣುವ ಈ ಎರಡೂ ಮಾತುಗಳು ಒಂದೇ ತಪ್ಪಿನ ಮೇಲೆ ನಿಂತಿವೆ. ಎರಡೂ ಹೊಗೆಯನ್ನು ವಯಸ್ಸಿನ ತಲೆಗೆ ಕಟ್ಟುತ್ತವೆ. ಅದನ್ನು ಉಂಟುಮಾಡಿದ ಕೈಗಳು ಇವುಗಳ ಮರೆಯಲ್ಲಿ ಸುಖವಾಗಿ ಉಳಿದುಕೊಳ್ಳುತ್ತವೆ.

ಆದ್ದರಿಂದ ಮೊದಲು ಬಾನೆಟ್ ಎತ್ತಿ ನೋಡೋಣ. ಹಳೆಯ ಲಾರಿಯ ಎಂಜಿನ್ನಿನ ಪಕ್ಕದಲ್ಲಿ ಸಾಲಾಗಿ ಕೊಳವೆಗಳು ಹೊರಟಿರುವ ಒಂದು ಲೋಹದ ಪೆಟ್ಟಿಗೆಯಿರುತ್ತದೆ. ಅದೇ ಡೀಸೆಲ್ ಪಂಪು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಸಂಸ್ಥೆ ಆಡುಗೋಡಿಯಲ್ಲಿ ತಯಾರಿಸಿದ ಇಂತಹ ಪಂಪುಗಳು ನಾಡಿನ ಅಸಂಖ್ಯ ಲಾರಿಗಳನ್ನು ಓಡಿಸಿವೆ. ಪ್ರತಿ ಸಿಲಿಂಡರಿಗೆ ಒಂದರಂತೆ ಇದರೊಳಗೆ ಪ್ಲಂಜರುಗಳಿರುತ್ತವೆ. ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದು. ಪಂಪು ಒತ್ತಿ ಕಳುಹಿಸಿದ ಡೀಸೆಲನ್ನು ನಾಝಲ್ ಸುಮಾರು 200 ಬಾರ್ ಒತ್ತಡದಲ್ಲಿ ಮಂಜಿನಂತೆ ಚಿಮ್ಮಿಸುತ್ತದೆ. ಮಂಜಾಗಿ ಬಿದ್ದದ್ದು ಪೂರ್ತಿ ಉರಿಯುತ್ತದೆ; ಹನಿಯಾಗಿ ಬಿದ್ದದ್ದು ಅರೆಬೆಂದು ಮಸಿಯಾಗುತ್ತದೆ. ಪಂಪು, ನಾಝಲ್, ಗಾಳಿಯ ದಾರಿ, ಎಂಜಿನ್ನಿನ ಒಳಗಿನ ಬಿಗಿ ಇವು ಸರಿಯಿದ್ದರೆ ಇಪ್ಪತ್ತು ವರ್ಷದ ಲಾರಿಯೂ ದಟ್ಟ ಕರಿಹೊಗೆ ಬಿಡಬೇಕಾಗಿಲ್ಲ.

ಹೊಗೆಗೂ ಒಂದು ಭಾಷೆಯಿದೆ. ಬಿಳಿಹೊಗೆ ಬಂದರೆ ಡೀಸೆಲ್ ಉರಿಯದೆಯೇ ಹೊರಬರುತ್ತಿದೆ, ಪಂಪಿನ ಟೈಮಿಂಗ್ ತಡವಾಗಿದೆ ಅಥವಾ ಸಿಲಿಂಡರಿನ ಬಿಗಿ ಹೋಗಿದೆ ಎಂದರ್ಥ. ನೀಲಿಹೊಗೆ ಎಂಜಿನ್ ಆಯಿಲ್ ಉರಿಯುವ ಗುರುತು. ಅದಕ್ಕಾಗಿ ಪಂಪನ್ನು ಬಿಚ್ಚುವುದು ವ್ಯರ್ಥ. ಕರಿಹೊಗೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿರುವುದರ ಸಾಕ್ಷಿ. ಇಲ್ಲಿ ಮೊದಲು ನೋಡಬೇಕಾದದ್ದು ಏರ್ ಕ್ಲೀನರನ್ನು. ಕ್ರಷರುಗಳ ದೂಳಿನಲ್ಲಿ ಹಗಲಿಡೀ ನಿಲ್ಲುವ ಲಾರಿಯ ಏರ್ ಕ್ಲೀನರ್ ಬೇರೆ ಊರಿನ ಲಾರಿಯದಕ್ಕಿಂತ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಸ್ವಚ್ಛಗೊಳಿಸದೆ ಪಂಪಿಗೆ ಸಾವಿರಾರು ರೂಪಾಯಿ ಸುರಿದರೆ ಹೊಗೆ ನಿಲ್ಲುವುದಿಲ್ಲ.

ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ನಿಧಾನವಾಗಿ ಓಡುತ್ತಿರುವಾಗ ನಾಝಲ್ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುವುದು ಮೆಕ್ಯಾನಿಕ್‌ಗಳ ಹಳೆಯ ಪದ್ಧತಿ. ಯಾವ ನಟ್ಟನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರಿನಲ್ಲಿಯೇ ದೋಷ. ಚಿಮ್ಮುವ ಡೀಸೆಲಿಗೆ ಮಾತ್ರ ಕೈಯೊಡ್ಡಬಾರದು. ಆ ಒತ್ತಡದ ಎಣ್ಣೆ ಚರ್ಮವನ್ನು ಸೀಳಿ ಒಳನುಗ್ಗಿ ಬೆರಳನ್ನೇ ಕಳೆಯಬಲ್ಲದು. ಗಾಡಿ ಸ್ಟಾರ್ಟಾಗಿ ಮರುಕ್ಷಣ ನಿಂತುಹೋದರೆ ಡೀಸೆಲ್ ಕೊಳವೆಗಳಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಫೀಡ್ ಪಂಪಿನ ಹಿಡಿಯನ್ನು ಒತ್ತುತ್ತ, ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆಯಿಲ್ಲದ ಡೀಸೆಲ್ ಬರುವವರೆಗೂ ಗಾಳಿ ತೆಗೆಯಬೇಕು. ಇವೆಲ್ಲ ಒಂದು ಸ್ಪ್ಯಾನರು, ಒಂದು ಜೊತೆ ಕಿವಿ ಇದ್ದರೆ ನಡೆಯುವ ಪರೀಕ್ಷೆಗಳು.

ಹಾಗಿದ್ದೂ ಹೊಗೆ ಏಕೆ ನಿಂತಿಲ್ಲ? ನಮ್ಮ ವಾದವಿರುವುದು ಇಲ್ಲಿಯೇ. ಪಂಪಿನಲ್ಲಿ ಡೀಸೆಲಿನ ಗರಿಷ್ಠ ಪ್ರಮಾಣವನ್ನು ನಿಗದಿಪಡಿಸುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಯಂತ್ರದ ಮೇಲೆ ಅಳತೆಗೆ ಹೊಂದಿಸಿ, ಯಾರೂ ತಿರುಗಿಸದಂತೆ ತಂತಿ ಬಿಗಿದು ಸೀಲ್ ಮಾಡುತ್ತಾರೆ. ಆ ಸೀಲ್ ತಾನಾಗಿ ಸವೆದು ಹೋಗುವ ವಸ್ತುವಲ್ಲ. ಅದನ್ನು ಒಡೆಯಬೇಕು. ಒಡೆದು ಡೀಸೆಲ್ ಹೆಚ್ಚಿಸಿದರೆ ಲಾರಿಯು ತನ್ನ ಮಿತಿಗೆ ಮೀರಿದ ಭಾರವನ್ನು ಏರಿನಲ್ಲಿ ಎಳೆಯುತ್ತದೆ. ಹೆಚ್ಚಿಸಿದ ಡೀಸೆಲಿಗೆ ಬೇಕಾದ ಗಾಳಿ ಮಾತ್ರ ಹೆಚ್ಚುವುದಿಲ್ಲ. ಉರಿಯದೆ ಉಳಿದದ್ದು ಕರಿಹೊಗೆಯಾಗಿ ರಸ್ತೆಬದಿಯ ರಾಗಿಹೊಲದ ಮೇಲೆ, ಶಾಲೆಗೆ ನಡೆದು ಹೋಗುವ ಮಕ್ಕಳ ಮೇಲೆ ಇಳಿಯುತ್ತದೆ. ಪಿಸ್ಟನ್ ಸುಡುತ್ತದೆ, ಮೈಲೇಜ್ ಕುಸಿಯುತ್ತದೆ, ಒಂದೆರಡು ವರ್ಷಗಳಲ್ಲಿ ಎಂಜಿನ್ ಬಿಚ್ಚಬೇಕಾಗುತ್ತದೆ. ಆಗ ಎಲ್ಲರೂ ಹೇಳುವುದು ಅದೇ ಮಾತು: ಗಾಡಿ ಹಳೆಯದಾಯಿತು!

ಸೀಲ್ ಒಡೆಸುವ ಶಕ್ತಿ ಯಾವುದು? ಟ್ರಿಪ್ಪಿಗಿಷ್ಟು ಎಂದು ಬಾಡಿಗೆ ಕಟ್ಟಿ, ಅದೇ ಟ್ರಿಪ್ಪಿನಲ್ಲಿ ಎರಡು ಟ್ರಿಪ್ಪಿನ ಕಲ್ಲು ತುಂಬುವ ವ್ಯವಹಾರವೇ ಆ ಶಕ್ತಿ. ಚಾಲಕನು ಒಲ್ಲೆನೆಂದರೆ ಮರುದಿನ ಅವನ ಜಾಗದಲ್ಲಿ ಇನ್ನೊಬ್ಬನಿರುತ್ತಾನೆ. ಆದರೆ ದಂಡದ ಚೀಟಿ ಮೊದಲು ಬೀಳುವುದು ಅವನ ಕೈಗೇ. ಕಾನೂನು ಹಾಗೆ ಹೇಳುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮು ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ. ವಾಹನವನ್ನು ಓಡಿಸಿದವನ ಜೊತೆಗೆ, ಓಡಿಸಲು ಕಾರಣನಾದವನನ್ನೂ ಅನುಮತಿಸಿದವನನ್ನೂ ಅದು ಹೊಣೆ ಮಾಡುತ್ತದೆ. ಕಲ್ಲು ತುಂಬಿಸಿದವನು ಈ ಕಲಮಿನಿಂದ ಹೊರಗುಳಿದಿದ್ದರೆ ಅದು ಕಾನೂನಿನ ಕೊರತೆಯಿಂದಲ್ಲ, ಜಾರಿಯ ಕೊರತೆಯಿಂದ.

ಎರಡನೆಯ ಪಾಪ ಕಲಬೆರಕೆಯದು. ಪಂಪಿನ ಪ್ಲಂಜರುಗಳಿಗೆ ಬೇರೆ ಗ್ರೀಸಿಲ್ಲ, ಆಯಿಲಿಲ್ಲ. ಹರಿಯುವ ಡೀಸೆಲಿನ ಜಿಡ್ಡೇ ಅವುಗಳ ರಕ್ಷೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಬೆರೆಸಿದ ಡೀಸೆಲ್ ಪ್ಲಂಜರನ್ನು ತೇಯುತ್ತದೆ, ಒತ್ತಡ ಇಳಿಯುತ್ತದೆ, ನಾಝಲ್ ಹನಿಯಲಾರಂಭಿಸುತ್ತದೆ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದೇ ಬಡವರ ಒಲೆಯ ಎಣ್ಣೆ ಲಾರಿಯ ಟ್ಯಾಂಕಿಗೆ ಹೋಗದಿರಲೆಂದು. ಈ ದಂಧೆಯನ್ನು ಎದುರಿಸಿದ ನಮ್ಮ ಜಿಲ್ಲೆಯ ಮಗನೊಬ್ಬನನ್ನು ಇಲ್ಲಿ ನೆನೆಯಬೇಕು. ಕೆ.ಜಿ.ಎಫ್.ನ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐ.ಐ.ಎಂ.ನಲ್ಲಿ ಕಲಿತು, ಇಂಡಿಯನ್ ಆಯಿಲ್ ನಿಗಮದ ಅಧಿಕಾರಿಯಾದವರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅಂತಹವರು ಹುಟ್ಟಿದ ಜಿಲ್ಲೆಯಲ್ಲಿ ನಾವು ಡೀಸೆಲಿನ ಶುದ್ಧತೆಯನ್ನು ಕೇಳಲೂ ಅಳುಕುವುದು ನಾಚಿಕೆಯಲ್ಲವೇ? ಪ್ರತಿ ಬಂಕಿನಲ್ಲೂ ಸಾಂದ್ರತೆ ಅಳೆಯುವ ಉಪಕರಣವಿರಬೇಕು, ಗ್ರಾಹಕನು ಕೇಳಿದರೆ ಅಳೆದು ತೋರಿಸಬೇಕು. ಕೇಳುವವರೇ ಇಲ್ಲದಿರುವುದು ಕಲಬೆರಕೆದಾರನ ದೊಡ್ಡ ಬಂಡವಾಳ.

ಮೂರನೆಯದು ಹೊಗೆ ತಪಾಸಣೆಯೆಂಬ ನಾಟಕ. ಗೇರಿಲ್ಲದೆ ನಿಂತ ಖಾಲಿ ಲಾರಿಯ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹೊಗೆಯ ದಟ್ಟತೆ ಅಳೆಯಬೇಕೆಂಬುದು ನಿಯಮ. ಬಿ.ಎಸ್. 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್ರಿಡ್ಜ್ ಮಾನದ ಮಿತಿಯಿದೆ. ಪೆಡಲನ್ನು ಅರ್ಧ ಒತ್ತಿದರೆ ಎಂತಹ ಕೆಟ್ಟ ಪಂಪೂ ತೇರ್ಗಡೆಯಾಗುತ್ತದೆ. ಪೂರ್ತಿ ಒತ್ತಿದರೂ, ಭಾರ ಹೊತ್ತು ಏರು ಹತ್ತುವಾಗಿನ ಹೊಗೆಯನ್ನು ಈ ಪರೀಕ್ಷೆ ಕಾಣುವುದೇ ಇಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿಯೇ ಸಾರಿದೆ. ಕಲ್ಲಿನ ದೂಳಿನಿಂದ ಮೊದಲೇ ಬಳಲಿದ ಕಲ್ಲುಕುಟಿಗರ ಶ್ವಾಸಕೋಶಕ್ಕೆ ಈ ಮಸಿಯೂ ಸೇರಿದರೆ ಗತಿಯೇನು?

ಗುಜರಿವಾದಿಗಳಿಗೂ ಒಂದು ಮಾತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್. 6 ವಾಹನಗಳು ನಿಸ್ಸಂದೇಹವಾಗಿ ಶುಭ್ರವಾದವು. ಡೀಸೆಲಿನ ಗಂಧಕವೂ 10 ಪಿ.ಪಿ.ಎಂ.ಗೆ ಇಳಿದಿದೆ. ಆದರೆ ಸಾಲದಲ್ಲಿ ಒಂದೇ ಲಾರಿ ಇಟ್ಟುಕೊಂಡ ಸಣ್ಣ ಮಾಲೀಕನಿಗೆ ಹೊಸ ಲಾರಿ ಕೊಳ್ಳಿರೆಂದು ಉಪದೇಶಿಸುವುದು ಸುಲಭ. ಅವನು ಮಾರಿದ ಲಾರಿ ಗುಜರಿಗೂ ಹೋಗದೆ ಇನ್ನೂ ಒಳಗಿನ ಹಳ್ಳಿಯ ಕ್ವಾರಿಗೆ ಸೇರಿದರೆ ನಾವು ಗೆದ್ದದ್ದೇನು? ಅತಿಭಾರದ ವ್ಯವಹಾರ ಹಾಗೆಯೇ ಉಳಿದರೆ ಹೊಸ ಲಾರಿಯನ್ನೂ ಅದು ಕೆಡಿಸದೆ ಬಿಡುವುದಿಲ್ಲ.

ಆದುದರಿಂದ ನಮ್ಮ ಒತ್ತಾಯಗಳು ಇವು:

1. ವಾರ್ಷಿಕ ಅರ್ಹತಾ ತಪಾಸಣೆಯಲ್ಲಿ ಡೀಸೆಲ್ ಪಂಪಿನ ಸೀಲನ್ನು ಕಡ್ಡಾಯವಾಗಿ ನೋಡಬೇಕು. ಸೀಲ್ ಒಡೆದಿದ್ದರೆ ಪಂಪನ್ನು ಅಳತೆಗೆ ತಂದು ಮರುಸೀಲ್ ಮಾಡಿಸದೆ ಅರ್ಹತಾ ಪತ್ರ ನೀಡಕೂಡದು.

2. ಕ್ವಾರಿ ಮತ್ತು ಕ್ರಷರುಗಳ ಬಾಗಿಲಲ್ಲಿಯೇ ತೂಕವಾಗಬೇಕು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿಯ ತೂಕಕ್ಕೂ ಆ ತೂಕಕ್ಕೂ ತಾಳೆಯಿಲ್ಲದಿದ್ದರೆ ಕಲ್ಲು ತುಂಬಿಸಿದವರ ಮೇಲೆ ಮೊಕದ್ದಮೆ ಹೂಡಬೇಕು.

3. ಹೊಗೆ ತಪಾಸಣೆಯ ಕಾಲದಲ್ಲಿ ಗ್ರಾಮಸ್ಥರು ಸಾಕ್ಷಿಗಳಾಗಿ ನಿಲ್ಲಲು ಅವಕಾಶವಿರಬೇಕು.

4. ಏರ್ ಕ್ಲೀನರ್, ಫಿಲ್ಟರ್, ನಾಝಲುಗಳ ದುರಸ್ತಿ ವೆಚ್ಚ ಮಾಲೀಕನದು. ಅದನ್ನು ಚಾಲಕನ ಬಾಟಾದಿಂದ ಕಡಿಯಕೂಡದು.

ವಿದ್ಯಾರ್ಥಿ ಮಿತ್ರರೇ, ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ವಿದ್ಯೆ ಕಲಿಯುತ್ತಿರುವವರು ನಿಮ್ಮಲ್ಲಿದ್ದೀರಿ. ಪಂಪಿನ ಸೀಲ್ ಎಲ್ಲಿರುತ್ತದೆಂಬುದನ್ನು ಊರಿನವರಿಗೆ ತೋರಿಸಿಕೊಡಿ. ಸೀಲ್ ಒಡೆಯಲು ಕೇಳಿದಾಗ ‘ನಾನು ಒಡೆಯಲಾರೆ’ ಎನ್ನುವ ಒಬ್ಬ ಮೆಕ್ಯಾನಿಕ್ ಹತ್ತು ಮೆರವಣಿಗೆಗಳಿಗೆ ಸಮ. ಗ್ರಾಮಸ್ಥರೇ, ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಒತ್ತಾಯಗಳನ್ನು ನಿರ್ಣಯವಾಗಿ ಬರೆಸಿ, ಅದರ ಪ್ರತಿಯನ್ನು ಪ್ರಾದೇಶಿಕ ಸಾರಿಗೆ ಕಚೇರಿಗೂ ಗಣಿ ಇಲಾಖೆಗೂ ಕಳುಹಿಸಿ ಸ್ವೀಕೃತಿ ಪಡೆಯಿರಿ. ಇನ್ನು ಮುಂದೆ ಯಾರಾದರೂ ‘ಗಾಡಿ ಹಳೆಯದು’ ಎಂದರೆ ಒಂದೇ ಪ್ರಶ್ನೆ ಕೇಳಿರಿ: ಸೀಲ್ ಎಲ್ಲಿದೆ, ತೋರಿಸಿ.