ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಚಿಕ್ಕವರಿದ್ದಾಗ ಬೀದಿಯಲ್ಲಿ ಆಡ್ತಿರುವಾಗ ಪಕ್ಕದ ಮನೆಯ ಪುಟ್ಟ ‘ನಾನೂ ಬರ್ತೀನಿ’ ಅಂತ ಅಳುತ್ತಾ ಬಂದರೆ ಏನು ಮಾಡ್ತಿದ್ವಿ? ‘ಸರಿ ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ತಿದ್ವಿ. ಔಟಾದ್ರೂ ಔಟಲ್ಲ, ಗೆದ್ರೂ ಗೆದ್ದ ಹಾಗಲ್ಲ. ಮಗುವಿಗೆ ಅಷ್ಟೇ ಸಾಕು. ಆದರೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಇಪ್ಪತ್ತೈದು ವರ್ಷದವರಿಗೆ ಹೀಗೆ ಹೇಳಿದರೆ ಹೇಗಿರುತ್ತೆ? ವಿಡಿಯೋ ಗೇಮ್ ಲೋಕ ಬಹಳ ವರ್ಷ ಅಷ್ಟನ್ನೂ ಹೇಳಲಿಲ್ಲ. ಬಾಗಿಲೇ ತೆಗೆಯಲಿಲ್ಲ.

ಫೋನ್‌ನಲ್ಲಿ ಶೂಟಿಂಗ್ ಗೇಮ್ ಆಡುವವರು ಒಮ್ಮೆ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಎಡ ಹೆಬ್ಬೆರಳು ಓಡಿಸ್ತಿರುತ್ತೆ, ಬಲ ಹೆಬ್ಬೆರಳು ಗುರಿ ಹಿಡೀತಿರುತ್ತೆ, ತೋರುಬೆರಳು ಗುಂಡು ಹಾರಿಸ್ತಿರುತ್ತೆ. ಇದರ ಜೊತೆಗೆ ಫೋನ್ ಬೀಳದ ಹಾಗೆ ಹಿಡಿದುಕೊಳ್ಳೋದು ಬೇರೆ. ಎಲ್ಲವೂ ಒಂದೇ ಕ್ಷಣದಲ್ಲಿ! ಸೆರೆಬ್ರಲ್ ಪಾಲ್ಸಿ ಇರುವವರು, ಮಸ್ಕ್ಯುಲರ್ ಡಿಸ್ಟ್ರೊಫಿಯಿಂದ ಸ್ನಾಯುಗಳು ಸೋಲುತ್ತಿರುವವರು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು – ಇವರಿಗೆಲ್ಲ ಆಡುವ ಆಸೆಯೂ ಇದೆ, ಗೆಲ್ಲುವ ತಲೆಯೂ ಇದೆ. ಬೆರಳುಗಳ ಈ ಸರ್ಕಸ್ ಮಾತ್ರ ಆಗಲ್ಲ.

‘ಅಯ್ಯೋ, ಆಟ ತಾನೇ, ಬಿಡ್ರೀ’ ಅನ್ನುವವರು ನಾರ್ವೆಯ ಮಾಟ್ಸ್ ಸ್ಟೀನ್ ಕಥೆ ಕೇಳಬೇಕು. ಹುಟ್ಟಿನಿಂದಲೇ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದ್ದ ಹುಡುಗ. ವೀಲ್‌ಚೇರ್‌ನಲ್ಲಿ ಕೂತು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡ್ತಿದ್ದ. ಮಗ ಸ್ನೇಹಿತರಿಲ್ಲದೆ ಒಂಟಿಯಾಗಿಯೇ ಬದುಕು ಕಳೆದ ಅಂತ ಅಪ್ಪ ಅಮ್ಮ ನೊಂದುಕೊಂಡಿದ್ದರು. 2014ರಲ್ಲಿ, 25ನೇ ವಯಸ್ಸಿಗೆ ಅವನು ತೀರಿಕೊಂಡ. ಸುದ್ದಿಯನ್ನು ಅವನ ಬ್ಲಾಗ್‌ನಲ್ಲಿ ಹಾಕಿದ ಮೇಲೆ ಮನೆಯವರಿಗೆ ಗುರುತೇ ಇಲ್ಲದವರಿಂದ ಸಂದೇಶಗಳು ಬರತೊಡಗಿದವು. ಆಟದೊಳಗೆ ‘ಇಬೆಲಿನ್’ ಅನ್ನೋ ಹೆಸರಲ್ಲಿ ಅವನು ಎಷ್ಟೋ ಜನರ ದುಃಖ ಕೇಳಿದ್ದ, ಬುದ್ಧಿ ಹೇಳಿದ್ದ, ಜಗಳವಾಡಿ ರಾಜಿಯಾಗಿದ್ದ. ಅವನ ಅಂತ್ಯಸಂಸ್ಕಾರಕ್ಕೆ ಬೇರೆ ದೇಶಗಳಿಂದ ಗೆಳೆಯರು ಬಂದರು. ಈ ಕಥೆಯ ಸಾಕ್ಷ್ಯಚಿತ್ರ 2024ರಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂತು. ಆ ಆಟ ಅವನ ಕೈಗೆ ಎಟುಕದೇ ಹೋಗಿದ್ದರೆ? ಹೋಗುತ್ತಿದ್ದದ್ದು ಬರೀ ಟೈಮ್‌ಪಾಸ್ ಅಲ್ಲ, ಒಂದು ಇಡೀ ಗೆಳೆಯರ ಬಳಗ.

ಹಾಗಂತ ಯಾರೂ ಪ್ರಯತ್ನವೇ ಮಾಡಿರಲಿಲ್ಲ ಅಂತಲ್ಲ. 1989ರಲ್ಲೇ ನಿಂಟೆಂಡೊ ಕಂಪನಿ ಎದೆಗೆ ಕಟ್ಟಿಕೊಳ್ಳುವ ಕಂಟ್ರೋಲರ್ ತಂದಿತ್ತು. ಗದ್ದದಿಂದ ಕೋಲು ತಿರುಗಿಸಬೇಕು. ಕೊಳವೆಯಲ್ಲಿ ಗಾಳಿ ಊದಿದರೆ ಒಂದು ಬಟನ್, ಎಳೆದುಕೊಂಡರೆ ಇನ್ನೊಂದು. ಆಮೇಲೆ ದೊಡ್ಡ ಕಂಪನಿಗಳು ಈ ಕಡೆ ಹೆಚ್ಚು ತಲೆ ಹಾಕಲಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ತಂದಾಗ ಚಿತ್ರ ಬದಲಾಯ್ತು. ಅದರ ಮೇಲೆ ಅಂಗೈ ಅಗಲದ ಎರಡು ಬಟನ್, ಹಿಂದುಗಡೆ 19 ತೂತು. ಒಂದೊಂದು ತೂತಿಗೂ ಒಂದೊಂದು ಸ್ವಿಚ್ ಸಿಕ್ಕಿಸಬಹುದು. ಆ ಸ್ವಿಚ್ಚನ್ನು ಕಾಲಿನ ಹತ್ತಿರ ಇಡಿ, ಮೊಣಕೈ ಹತ್ತಿರ ಇಡಿ, ತಲೆ ಪಕ್ಕ ಇಡಿ, ನಿಮಗೆ ಎಲ್ಲಿ ಆಡುತ್ತೋ ಅಲ್ಲಿ. ವಿಕಲಚೇತನ ಆಟಗಾರರ ಜೊತೆ ಕೂತು ಮಾಡಿದ್ದರಿಂದ ಡಬ್ಬಿಯನ್ನೂ ಹಲ್ಲಿನಿಂದ ಕಚ್ಚಿ ತೆಗೆಯಬೇಕಿಲ್ಲ. ಕೊಕ್ಕೆಯಂಥ ಕುಣಿಕೆ ಎಳೆದರೆ ಸಾಕು. 2023ರ ಡಿಸೆಂಬರ್‌ನಲ್ಲಿ ಸೋನಿ ಕೂಡ ಪ್ಲೇಸ್ಟೇಷನ್ 5ಕ್ಕೆ ‘ಆಕ್ಸೆಸ್’ ಕಂಟ್ರೋಲರ್ ತಂತು.

ಆಟದೊಳಗೂ ಬದಲಾವಣೆ ಬಂದಿದೆ. 2018ರ ‘ಸೆಲೆಸ್ಟ್’ ಬೆಟ್ಟ ಹತ್ತುವ ಆಟ, ಸಿಕ್ಕಾಪಟ್ಟೆ ಕಷ್ಟ. ಆದರೆ ಅದರಲ್ಲಿ ‘ಅಸಿಸ್ಟ್ ಮೋಡ್’ ಇದೆ. ಆಟದ ವೇಗ ತಗ್ಗಿಸಬಹುದು, ಹತ್ತುವಾಗ ಸುಸ್ತಾಗದ ಹಾಗೆ ಮಾಡಿಕೊಳ್ಳಬಹುದು. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಇಂಥ 60ಕ್ಕೂ ಹೆಚ್ಚು ಆಯ್ಕೆಗಳಿವೆ. ‘ಇದು ಚೀಟಿಂಗ್ ಅಲ್ವಾ?’ ಅಂತ ಕೇಳುವವರಿದ್ದಾರೆ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದವರನ್ನು ಕಾಪಿ ಹೊಡೆದರು ಅಂತೀವಾ? ವೇಗ ತಗ್ಗಿಸಿ ಬೆಟ್ಟ ಹತ್ತಿದವರೂ ಬಿದ್ದೆದ್ದೇ ಹತ್ತಿದ್ದಾರೆ. ಅವರೂ ಲೆಕ್ಕಕ್ಕೆ ಉಂಟು.

ಇನ್ನು ನಮ್ಮೂರಿನ ಮಾತು. ನಮ್ಮಲ್ಲಿ ಬಹುಪಾಲು ಜನ ಆಡೋದು ಫೋನ್‌ನಲ್ಲಿ. ಆಂಡ್ರಾಯ್ಡ್‌ನಲ್ಲಿ ‘ಸ್ವಿಚ್ ಆಕ್ಸೆಸ್’ ಇದೆ. ಒಂದೇ ಬಟನ್‌ನಿಂದ, ಹೊಸ ಫೋನಾದರೆ ಹುಬ್ಬೇರಿಸಿ ಅಥವಾ ನಕ್ಕು ಕೂಡ ಫೋನ್ ನಡೆಸಬಹುದು. ಐಫೋನ್‌ನಲ್ಲಿ ‘ಅಸಿಸ್ಟಿವ್ ಟಚ್’, ‘ಸ್ವಿಚ್ ಕಂಟ್ರೋಲ್’ ಇವೆ. ವಾಟ್ಸ್ಯಾಪ್‌ಗೆ ಇವು ಚೆನ್ನಾಗಿ ಆಗಿಬರುತ್ತವೆ, ಗೇಮ್‌ಗೆ ಬಂದ ಕೂಡಲೇ ಎಡವುತ್ತವೆ. ಯಾಕೆ ಅಂದರೆ ಎಷ್ಟೋ ಗೇಮ್‌ಗಳು ಇಡೀ ಸ್ಕ್ರೀನನ್ನು ಒಂದೇ ಚಿತ್ರದ ಹಾಗೆ ಬಿಡಿಸುತ್ತವೆ. ಅದರಲ್ಲಿ ಬಟನ್ ಎಲ್ಲಿದೆ ಅಂತ ಫೋನ್‌ಗೇ ಗೊತ್ತಾಗಲ್ಲ. ಗೇಮ್ ಮಾಡಿದವರೇ ಹೇಳಿಕೊಡಬೇಕು.

ಇನ್ನೊಂದು ಅಡ್ಡಿ ದುಡ್ಡು. ಅಡಾಪ್ಟಿವ್ ಕಂಟ್ರೋಲರ್ ಅಮೆರಿಕದಲ್ಲಿ ಬಿಡುಗಡೆಯಾದಾಗ ಬೆಲೆ ಸುಮಾರು 100 ಡಾಲರ್. ಸ್ವಿಚ್‌ಗಳಿಗೆ ಬೇರೆ ಕೊಡಬೇಕು. ಆದರೆ ಒಂದು ಗುಟ್ಟು ಗೊತ್ತಾ? ಆ ಸ್ವಿಚ್ ಅಂದರೆ ಒತ್ತಿದಾಗ ಎರಡು ತಂತಿ ಕೂಡಿಸುವ ಸಾದಾ ಬಟನ್, ತುದಿಯಲ್ಲಿ ಹಳೇ ಇಯರ್‌ಫೋನ್‌ಗಿರುವಂಥ 3.5 ಮಿ.ಮೀ. ಪಿನ್. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಾಮಾನು ತಂದು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದು. ಕಾಲೇಜು ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ದೀರಾ? ತಗೊಳ್ಳಿ.

ಈ ಅಂಕಣ ಓದುವವರಲ್ಲಿ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿದ್ದರೆ ನಾಲ್ಕು ವಿಷಯ ನೆನಪಿಡಿ. ಬಟನ್‌ಗಳ ಜಾಗ ಮತ್ತು ಗಾತ್ರ ಆಟಗಾರರೇ ಬದಲಿಸಿಕೊಳ್ಳುವ ಹಾಗಿರಲಿ. ಒತ್ತಿ ಹಿಡಿಯುವ ಕಡೆಯೆಲ್ಲ ಒಮ್ಮೆ ಒತ್ತಿ ಬಿಡುವ ಆಯ್ಕೆಯೂ ಇರಲಿ. ಪಟಪಟ ಅಂತ ಹತ್ತು ಸಲ ಒತ್ತುವ ಶಿಕ್ಷೆಗೆ ಪರ್ಯಾಯ ಇರಲಿ. ವೇಗ ತಗ್ಗಿಸಲು ಬಿಡಿ. ಮೊದಲೇ ಯೋಚಿಸಿದರೆ ಖರ್ಚು ಕಡಿಮೆ. ಮನೆ ಕಟ್ಟಿ ಮುಗಿದ ಮೇಲೆ ರ‍್ಯಾಂಪ್ ಹಾಕುವುದೇ ಕಷ್ಟ.

ಉಳಿದವರಿಗೆ ಇನ್ನೂ ಸುಲಭದ ಕೆಲಸ. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಕಂಟ್ರೋಲರ್ ಸೇರಿ ಒಬ್ಬರೇ ಆಡಿದಂತೆ ಆಗುವ ಸೌಲಭ್ಯ ಇದೆ. ಅಕ್ಕ ಕಾರು ತಿರುಗಿಸಲಿ, ತಮ್ಮ ಬ್ರೇಕ್ ನೋಡಿಕೊಳ್ಳಲಿ. ನಿಮ್ಮ ಬಳಗದಲ್ಲಿ ಯಾರಾದರೂ ‘ನಾನು ಸುಮ್ನೆ ನೋಡ್ತೀನಿ, ನೀವಾಡಿ’ ಅಂತ ಮೂಲೆಯಲ್ಲಿ ಕೂತಿದ್ದರೆ, ‘ನಿಂಗೆ ಯಾವ ಬೆರಳು ಆಡುತ್ತೆ, ಯಾವ ಬಟನ್ ಎಲ್ಲಿ ಬೇಕು?’ ಅಂತ ಈ ಭಾನುವಾರ ಕೇಳಿ ನೋಡಿ. ಏನಾಯ್ತು ಅಂತ ನಮಗೂ ಬರೆದು ತಿಳಿಸಿ.