ಬಣ್ಣ ಆಮೇಲೆ, ಮೊದಲು ಕಟ್ಟಿಗೆ ನೋಡಿ

ಮೊನ್ನೆ ಕಿನ್ನಾಳದ ಚಹಾದಂಗಡಿ ಮುಂದೆ ಅಪ್ಪ-ಮಗನ ನಡುವೆ ಜೋರು ಮಾತು ನಡೆದಿತ್ತು. ಆಸ್ತಿ ಪಾಲಿನ ಜಗಳವಲ್ಲ, ಚುನಾವಣೆಯದೂ ಅಲ್ಲ. ಕಾರಿನ ಜಗಳ. ಅಪ್ಪನದು ಕಿರಾಣಿ ಅಂಗಡಿ. ಇಷ್ಟು ವರ್ಷ ಕೊಪ್ಪಳದ ಬಸ್ಸಿನಲ್ಲಿ ಚೀಲ ಹಿಡಿದು ನಿಂತು ಸಾಕಾಗಿ, ಈಗ ಸಣ್ಣ ಕಾರೊಂದನ್ನು ಕೊಳ್ಳಲು ಹೊರಟಿದ್ದಾರೆ.

"ಅಪ್ಪಾ, ತಗೊಂಡ್ರ ಸ್ಪೋರ್ಟ್ ತಗೊಳ್ಳೋಣು" ಅಂತಾನೆ ಮಗ.

"ಯಾಕೋ ತಮ್ಮಾ, ನಾವೇನು ರೇಸಿಗೆ ಹೊಂಟೀವೇನು?" ಅಂತಾರೆ ಅಪ್ಪ.

ಈ ಮಾತು ಈಗ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಅಂಗಡಿಕಟ್ಟೆಗಳಲ್ಲೂ ಕೇಳಿಬರುತ್ತಿದೆ. ಕಾರಣ ಉಂಟು. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮೀರದ, 1200 ಸಿ.ಸಿ. ದಾಟದ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಇಳಿಯಿತು. ಸೆಸ್ ಸೇರಿ ಶೇಕಡಾ 29 ಇದ್ದದ್ದು 18ಕ್ಕೆ ಬಂತು. ಮೂಲ ಬೆಲೆ 5 ಲಕ್ಷ ಇದ್ದರೆ ತೆರಿಗೆಯಲ್ಲಿ 55 ಸಾವಿರ ಉಳಿತಾಯ. ಆದರೆ ಆ ಉಳಿತಾಯ ಗಿರಾಕಿಯ ಕಿಸೆ ಸೇರುವ ಮೊದಲೇ ಶೋರೂಮಿನ ಹುಡುಗ, "ಸರ್, ಇನ್ನೊಂದು ಸ್ವಲ್ಪ ಹಾಕಿದ್ರೆ ಸ್ಪೋರ್ಟ್ ಮಾಡೆಲ್ಲೇ ಬರ್ತದೆ" ಎಂದುಬಿಡುತ್ತಾನೆ. ಸರ್ಕಾರ ಬಿಟ್ಟಿದ್ದನ್ನು ಸ್ಟಿಕ್ಕರ್ ನುಂಗಿತು ಅಂತ ಆಗಬಾರದಲ್ಲ?

ಕಿನ್ನಾಳದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಚಿತ್ರಗಾರರು ಗೊಂಬೆ ಮಾಡುವ ಕ್ರಮ ನೋಡಿ. ಮೊದಲು ಹಗುರ ಕಟ್ಟಿಗೆಯ ಕೆತ್ತನೆ, ಆಮೇಲೆ ಅಂಗಾಂಗಗಳ ಜೋಡಣೆ, ಅದರ ಮೇಲೆ ಲೇಪ. ಬಣ್ಣ ಕಟ್ಟಕಡೆಗೆ. ಕಾರು ಕೊಳ್ಳುವವನೂ ಅದೇ ಕ್ರಮದಲ್ಲಿ ನೋಡಬೇಕು.

ಸ್ಪೋರ್ಟ್ ಎನ್ನುವ ಹೆಸರಿನಲ್ಲಿ ಎರಡು ಜಾತಿ ಇವೆ. ಒಂದು ಬರೀ ಹೆಸರಿನದು. ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್ ತಗೊಳ್ಳಿ. ಮ್ಯಾಗ್ನಾ ಆಗಲಿ, ಸ್ಪೋರ್ಟ್ಜ್ ಆಗಲಿ, ಬಾನೆಟ್ ಎತ್ತಿದರೆ ಒಳಗಿರುವುದು ಅದೇ 1.2 ಲೀಟರ್ ಎಂಜಿನ್. ಹೆಸರಿಗೆ ಒಂದು ಅಕ್ಷರ ಜಾಸ್ತಿಯಾದರೆ ಓಟ ಜಾಸ್ತಿಯಾಗುವುದಿಲ್ಲ. ಸಿಗುವುದು ಹೆಚ್ಚಿನ ಸೌಕರ್ಯ. ಬೇಕಾದರೆ ಕೊಳ್ಳಿ, ಸೌಕರ್ಯ ಅಂತಲೇ ತಿಳಿದು ಕೊಳ್ಳಿ.

ಇನ್ನೊಂದು ನಿಜವಾದದ್ದು. 2021ರಲ್ಲಿ ಬಂದ ಐ20 ಎನ್ ಲೈನ್ ಅಂಥದು. 1 ಲೀಟರಿನ ಟರ್ಬೊ ಎಂಜಿನ್, 120 ಪಿ.ಎಸ್. ಶಕ್ತಿ, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್, ಬಿಗಿ ಮಾಡಿದ ಸಸ್ಪೆನ್ಷನ್. 2022ರಲ್ಲಿ ನಮ್ಮ ದೇಶದಲ್ಲಿ ತಯಾರಿಕೆ ನಿಂತ ಫೋಕ್ಸ್‌ವ್ಯಾಗನ್ ಪೋಲೋದಲ್ಲೂ ಹೀಗೇ ಇತ್ತು, ಕಂಫರ್ಟ್‌ಲೈನ್ ಒಂದು ಕಡೆ, ಜಿ.ಟಿ. ಒಂದು ಕಡೆ. ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇವತ್ತೂ ಅದೇ ಪ್ರಶ್ನೆ ಎದುರಾಗುತ್ತದೆ.

ಈ ನಿಜವಾದ ಸ್ಪೋರ್ಟ್ ಕೆಟ್ಟದ್ದೇನಲ್ಲ. ಹುಬ್ಬಳ್ಳಿ, ಹೊಸಪೇಟೆ ಅಂತ ವಾರಕ್ಕೆ ನಾಲ್ಕು ಸಲ ಹೆದ್ದಾರಿಯಲ್ಲಿ ಒಬ್ಬನೇ ಓಡಿಸುವವನಿಗೆ ಬಿಗಿ ಗಾಡಿ ರಸ್ತೆ ಕಚ್ಚಿ ಹಿಡಿಯುತ್ತದೆ, ಬ್ರೇಕ್ ನಂಬಿಕೆ ಕೊಡುತ್ತದೆ. ಆದರೆ ಹಳ್ಳಿ ರಸ್ತೆಯ ತಗ್ಗು-ಹಂಪುಗಳಲ್ಲಿ ಆ ಬಿಗಿಯೇ ಬೆನ್ನಿಗೆ ಬಡಿಯುತ್ತದೆ. ಟಾಯರಿನ ಮೇಲೆ ಬರೆದ ಅಂಕಿ ಓದಿ ನೋಡಿ. 165/80 ಅಂದರೆ ಅಗಲ 165 ಮಿ.ಮೀ., ಅದರ ಶೇಕಡಾ 80, ಅಂದರೆ 132 ಮಿ.ಮೀ., ಪಕ್ಕದ ರಬ್ಬರಿನ ಎತ್ತರ. 195/55 ಆದರೆ ಆ ಎತ್ತರ 107 ಮಿ.ಮೀ. ಮಾತ್ರ. ತಗ್ಗಿಗೂ ರಿಮ್ಮಿಗೂ ನಡುವೆ ಇರುವ ಮೆತ್ತೆ ಅದೇ. ಮೆತ್ತೆ ಕಡಿಮೆಯಾದಷ್ಟೂ ಅಲಾಯ್ ರಿಮ್ಮು ಬಡಿಸಿಕೊಳ್ಳುವ ಭಯ ಹೆಚ್ಚು.

ಇನ್ನು ದುಡ್ಡು. ಸ್ಪೋರ್ಟಿಗೆ 1 ಲಕ್ಷ ಹೆಚ್ಚು ಸಾಲ ಮಾಡಿದಿರಿ ಅನ್ನೋಣ. ಶೇಕಡಾ 9ರ ಬಡ್ಡಿ, 5 ವರ್ಷ. ತಿಂಗಳ ಕಂತು ಸುಮಾರು 2,076 ರೂಪಾಯಿ ಏರುತ್ತದೆ. 60 ಕಂತು ಮುಗಿಯುವಾಗ ಬಡ್ಡಿಯೇ 24 ಸಾವಿರ ದಾಟಿರುತ್ತದೆ. ನಮ್ಮ ರಾಜ್ಯದ ರಸ್ತೆ ತೆರಿಗೆ ಲೆಕ್ಕವನ್ನೂ ಮರೀಬ್ಯಾಡ್ರಿ. ಬೆಲೆ 5ರಿಂದ 10 ಲಕ್ಷದೊಳಗೆ ಶೇಕಡಾ 14, 10 ದಾಟಿದರೆ 17. 9 ಲಕ್ಷ 90 ಸಾವಿರದ ಗಾಡಿಗೆ 1,38,600 ರೂಪಾಯಿ. 10 ಲಕ್ಷ 10 ಸಾವಿರದ ಗಾಡಿಗೆ 1,71,700. ಬೆಲೆಯಲ್ಲಿ 20 ಸಾವಿರದ ಅಂತರ, ತೆರಿಗೆಯಲ್ಲಿ 33 ಸಾವಿರದ ಅಂತರ! ಅದರ ಮೇಲೆ ಸೆಸ್ಸು ಬೇರೆ.

ಹಾಗಾದರೆ ಎಲ್ಲಕ್ಕೂ ಕಡಿಮೆಯದನ್ನೇ ತರಬೇಕೆ? ಅದೂ ಅಲ್ಲ. ಆರು ಏರ್‌ಬ್ಯಾಗ್ ಇವೆಯೇ ಎಂದು ಮೊದಲು ಕೇಳಿ. ಹ್ಯುಂಡೈ 2023ರಿಂದ, ಸ್ವಿಫ್ಟ್ 2024ರ ಹೊಸ ಮಾದರಿಯಿಂದ ಕೆಳಗಿನ ದರ್ಜೆಗೂ ಅದನ್ನು ಕೊಡುತ್ತಿವೆ. ಆಮೇಲೆ ಹಿಂದಿನ ಸೀಟಿಗೆ ಎ.ಸಿ. ಗಾಳಿ, ಹಿಂದಿನ ಗಾಜಿಗೆ ವೈಪರ್, ಎತ್ತರಿಸುವ ಡ್ರೈವರ್ ಸೀಟು. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಕೆಂಪು ದಾರದ ಹೊಲಿಗೆಗಿಂತ ಹಿಂದಿನ ಎ.ಸಿ. ಕಿಂಡಿಯೇ ಮೇಲು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಕಾಲದಲ್ಲಿ ಕಾರು ಸಿಕ್ಕಿದ್ದೇ ಪುಣ್ಯ. ಈಗ ಆರಿಸುವ ಭಾಗ್ಯ ಬಂದಿದೆ. ಆರಿಸುವುದು ಯಾರು ಎಂಬುದೇ ಪ್ರಶ್ನೆ. ಸ್ಟೇರಿಂಗ್ ಹಿಡಿಯುವವನು ಒಬ್ಬ, ಹಿಂದೆ ಕೂಡುವವರು ಮೂವರು. ಕಂತು ಕಟ್ಟುವವರು ಗಲ್ಲಾಪೆಟ್ಟಿಗೆ ಮುಂದೆ ಕೂತ ಅಪ್ಪ.

ಆದ್ದರಿಂದ ಯಜಮಾನರೇ, ಟೆಸ್ಟ್ ಡ್ರೈವಿಗೆ ಹೋಗುವಾಗ ಮಗನೊಬ್ಬನನ್ನೇ ಕರೆದೊಯ್ಯಬೇಡಿ, ಅವನ ತಾಯಿಯನ್ನೂ ಕರೆದೊಯ್ಯಿರಿ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಗಾಡಿ ತಿರುಗಿಸಿ. ನಾಲ್ಕು ಹಂಪು ದಾಟಿದ ಮೇಲೆ ಹಿಂದಕ್ಕೆ ತಿರುಗಿ, "ಹೆಂಗೈತಿ?" ಅಂತ ಕೇಳಿ. ಆಕೆ ಹೇಳಿದ ಗಾಡಿಗೇ ಮುಂಗಡ ಕೊಡಿ.