ಆರೋಗ್ಯ ವಿಚಾರ: ನಡೆವಾಗ ಬಂದು ನಿಂತಾಗ ಹೋಗುವ ಎದೆನೋವು

ಶ್ರೀಗಂಧದ ಕಾವಲ್‌ನ ಬೀದಿಗಳಲ್ಲಿ ಬೆಳಗಿನ ಹೊತ್ತು ಬಿರುಸಾಗಿ ನಡೆಯುವ ಗೃಹಸ್ಥರಲ್ಲಿ ಯಾರಿಗಾದರೂ ಎದೆ ಹಿಡಿದಂತಾಗಿ, ನಿಂತೊಡನೆ ಅದು ಇಳಿದುಹೋದರೆ, ಅವರು ‘ವಾಯು’ವೆಂದು ಹೇಳಿ ಮನೆಗೆ ಬಂದು ಜೀರಿಗೆ ಕಷಾಯವನ್ನು ಕುಡಿಯುವುದುಂಟು. ಇಳಿಯಿತಲ್ಲ ಎಂಬ ಈ ಸಮಾಧಾನವೇ ನಮಗೆ ಅಂಜಿಕೆಯನ್ನುಂಟುಮಾಡುವುದು.

ಮೈಗೆಲ್ಲ ರಕ್ತವನ್ನು ಹಂಚುವ ಹೃದಯವು ತನ್ನ ಪೋಷಣೆಗೆ ತನ್ನನ್ನು ಸುತ್ತಿರುವ ಧಮನಿಗಳನ್ನೇ ನಂಬಿರುವುದು. ವಿಶ್ರಾಂತಿಯಲ್ಲಿ ಇವುಗಳಲ್ಲಿ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಹರಿಯುವುದು. ಕಠಿನ ಶ್ರಮದಲ್ಲಿ ಇದು ಮೂರು ನಾಲ್ಕು ಪಟ್ಟಾಗಬೇಕು. ಕಾಲಿನ ಸ್ನಾಯುಗಳು ಅವಶ್ಯ ಬಿದ್ದಾಗ ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳಬಲ್ಲುವು. ಹೃದಯಕ್ಕೆ ಆ ಅನುಕೂಲವಿಲ್ಲ. ಅದು ಸುಮ್ಮನಿರುವಾಗಲೇ ಮುಕ್ಕಾಲು ಪಾಲಿನಷ್ಟನ್ನು ಹೀರಿಬಿಟ್ಟಿರುವುದು. ಸಾಲದುದಕ್ಕೆ, ಅದರ ಎಡಭಾಗದ ಸ್ನಾಯುವಿಗೆ ರಕ್ತವು ಬಹುಪಾಲು ಹರಿಯುವುದು ಎರಡು ಬಡಿತಗಳ ನಡುವಣ ವಿರಾಮದಲ್ಲಿ. ಓಡುವಾಗ ಆ ವಿರಾಮವೇ ಮೊಟಕಾಗುವುದು.

ಕೊಬ್ಬು ಕಟ್ಟಿ ಧಮನಿಯು ಕಿರಿದಾಗಿದ್ದರೆ ಆಗುವುದೇನು? ರಕ್ತ ಸಾಲದ ಭಾಗವು ಮೊದಲು ಸರಿಯಾಗಿ ಸಡಿಲಗೊಳ್ಳದು. ಅನಂತರ ಸರಿಯಾಗಿ ಸಂಕುಚಿಸದು. ಆ ಬಳಿಕ ಇ.ಸಿ.ಜಿ.ಯಲ್ಲಿ ವ್ಯತ್ಯಾಸ ತೋರುವುದು. ನೋವು ಬರುವುದು ಸಾಮಾನ್ಯವಾಗಿ ಎಲ್ಲಕ್ಕೂ ಕಡೆಗೆ. ಸಕ್ಕರೆ ಕಾಯಿಲೆಯುಳ್ಳವರಿಗೆ ಅದು ಬಾರದೆಯೂ ಇರಬಹುದು. ಬರಿಯ ಏದುಸಿರೇ ಗುರುತಾಗಬಹುದು. ನೋವು ಹೋದ ಮೇಲೂ ಆ ಸ್ನಾಯು ಕೆಲವು ಹೊತ್ತು ಮಂಕಾಗಿಯೇ ಇರುವುದುಂಟು. ಮಲಗಿಸಿ ತೆಗೆದ ಇ.ಸಿ.ಜಿ. ಇದಾವುದನ್ನೂ ತೋರಿಸದಿರಬಹುದಾದುದರಿಂದಲೇ ವೈದ್ಯರು ಟ್ರೆಡ್‌ಮಿಲ್ಲಿನ ಮೇಲೆ ನಡೆಯಿಸಿ ನೋಡುವರು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡಾಗ, ವ್ಯಾಯಾಮವೇ ಮುಳುವೆಂದು ಹಲವರು ಬೆದರಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಸಾಲು ನಿಂತದ್ದು ತಪ್ಪಲ್ಲ. ಬೆದರಿ ನಡಿಗೆಯನ್ನೇ ಬಿಟ್ಟದ್ದು ತಪ್ಪೆಂದು ನಮ್ಮ ಅಭಿಪ್ರಾಯ. ಕ್ರಮವಾದ ವ್ಯಾಯಾಮವು ಹೃದಯಕ್ಕೆ ಹಿತವೇ. ಆದರೆ ನಡೆವಾಗ ಎದೆ, ದವಡೆ ಅಥವಾ ಎಡತೋಳು ಹಿಡಿದಂತಾದವರು ವೈದ್ಯರು ನೋಡುವವರೆಗೆ ಶ್ರಮವನ್ನು ನಿಲ್ಲಿಸತಕ್ಕದ್ದು. ನೋವು ಮೊದಲಿಗಿಂತ ಕಡಮೆ ದೂರಕ್ಕೇ ಬರತೊಡಗಿದರೆ ಅದೇ ದಿನ ತೋರಿಸತಕ್ಕದ್ದು. ನಿಂತು ಕೆಲವು ನಿಮಿಷವಾದರೂ ಇಳಿಯದಿದ್ದರೆ, ಇಲ್ಲವೆ ತಣ್ಣನೆಯ ಬೆವರು ಕೂಡಿದರೆ, 108ಕ್ಕೆ ಕರೆ ಮಾಡಬೇಕು. ಹಳ್ಳಿಗಳಲ್ಲಿ ಬಂಧುಗಳುಳ್ಳವರು ಇನ್ನೊಂದನ್ನು ತಿಳಿಸಿಡಬಹುದು: ಪುನೀತರ ಹೆಸರಿನ ‘ಹೃದಯಜ್ಯೋತಿ’ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡುಂಟು.